ಮಗ ಕಲಿಯುವ ವಿಮಾನವನ್ನು ತಪಾಸಣೆಗೆ ನಿಲ್ಲಿಸಿದ್ದಾರೆ, ಹೆದರಬೇಕಾ?

ಪ್ರಶ್ನೆ: ನನ್ನ ಮಗ ಅಮೆರಿಕದ ಫ್ಲೋರಿಡಾದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾನೆ. ಸಾಲ ಮಾಡಿ ಕಳಿಸಿದ್ದೇವೆ. ಮೊನ್ನೆ ಫೋನಿನಲ್ಲಿ, "ಎಡಿ ಬಂದಿದೆ, ಬಾಲದ ಕಂಟ್ರೋಲ್ ಭಾಗಗಳನ್ನು ಚೆಕ್ ಮಾಡೋವರೆಗೆ ನಮ್ಮ ಸ್ಕೂಲಿನ ಎರಡು ವಿಮಾನ ಹಾರೋ ಹಾಗಿಲ್ಲ" ಅಂದ. ಅಲ್ಲಿನ ವಿಮಾನಗಳು ಅವನಿಗಿಂತ ಹಳೆಯವಂತೆ. ಈ ಎಡಿ ಅಂದರೆ ಏನು? ಇಷ್ಟು ದಿನ ಅಪಾಯದ ವಿಮಾನದಲ್ಲೇ ಹಾರಿಸಿದರಾ? ಸ್ಕೂಲ್ ಬದಲಿಸಬೇಕಾ? (ದಾವಣಗೆರೆಯಿಂದ ಒಬ್ಬ ತಂದೆ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದೊಂದೇ ಕಾರಣಕ್ಕೆ ಸ್ಕೂಲ್ ಬದಲಿಸಬೇಕಾಗಿಲ್ಲ. ಎಡಿ ಬಂತು ಅಂತ ವಿಮಾನ ನಿಲ್ಲಿಸಿದವರು ಮಾಡಬೇಕಾದ್ದನ್ನೇ ಮಾಡಿದ್ದಾರೆ. ಹ್ಯಾಂಗರಿನಲ್ಲಿ ನಿಂತ ವಿಮಾನದ ಬಗ್ಗೆ ನನಗೆ ಚಿಂತೆ ಇಲ್ಲ. ಅದನ್ನು ಬಿಚ್ಚಿ, ನೋಡಿ, ಮತ್ತೆ ಜೋಡಿಸಿ ಹೊರಗೆ ತರುತ್ತಾರಲ್ಲ, ಅವತ್ತಿನ ಮೊದಲ ಹಾರಾಟದಲ್ಲಿ ನಿಮ್ಮ ಮಗ ಜಾಸ್ತಿ ಎಚ್ಚರವಾಗಿರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಡಿ ಅಂದರೆ ಏರ್‌ವರ್ದಿನೆಸ್ ಡೈರೆಕ್ಟಿವ್. ಒಂದು ಮಾದರಿಯ ವಿಮಾನದಲ್ಲಿ ಅಪಾಯದ ದೋಷ ಕಂಡುಬಂದು, ಅದೇ ಮಾದರಿಯ ಬೇರೆ ವಿಮಾನಗಳಲ್ಲೂ ಇರಬಹುದು ಅನ್ನಿಸಿದಾಗ ಸರ್ಕಾರಿ ವಿಮಾನಯಾನ ಸಂಸ್ಥೆ ಹೊರಡಿಸುವ ಆದೇಶ ಇದು. ಅಮೆರಿಕದಲ್ಲಿ ಹೊರಡಿಸುವುದು ಎಫ್‌ಎಎ. ಇದು ಸಲಹೆ ಅಲ್ಲ, ಕಾನೂನು. ಎಡಿ ಹೇಳಿದ ಕೆಲಸ ಮಾಡಿಸದೆ ಹಾರಿಸಿದರೆ ಹಾರಿಸಿದ ಪ್ರತಿ ಸಲವೂ ಹೊಸ ತಪ್ಪು ಅಂತಲೇ ಲೆಕ್ಕ. ಯಾವ ಮಾದರಿ, ಯಾವ ಸೀರಿಯಲ್ ನಂಬರಿನಿಂದ ಯಾವ ನಂಬರಿನವರೆಗೆ, ಏನು ನೋಡಬೇಕು, ಎಷ್ಟು ಗಂಟೆಯ ಹಾರಾಟದೊಳಗೆ ನೋಡಬೇಕು, ಕೆಟ್ಟಿದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲೇ ಬರೆದಿರುತ್ತದೆ. ಕೆಲವು ಒಂದೇ ಸಲದ ಕೆಲಸ. ಕೆಲವನ್ನು ಇಷ್ಟಿಷ್ಟು ಗಂಟೆಗೊಮ್ಮೆ ಮಾಡುತ್ತಲೇ ಇರಬೇಕು. ಆದೇಶದ ನಂಬರ್ ನೋಡಿದರೆ ಹುಟ್ಟಿದ ಕಾಲವೂ ಗೊತ್ತಾಗುತ್ತದೆ: ಮೊದಲು ವರ್ಷ, ಆಮೇಲೆ ಆ ವರ್ಷದ ಎಷ್ಟನೇ ಎರಡು ವಾರದ ಅವಧಿ, ಕೊನೆಗೆ ಆ ಅವಧಿಯಲ್ಲಿ ಎಷ್ಟನೆಯದು.

ನಿಮ್ಮ ಮಗನ ಸ್ಕೂಲಿಗೆ ಬಂದದ್ದು ಯಾವ ಎಡಿ ಅಂತ ನೀವು ಬರೆದಿಲ್ಲ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಕೆಲವು ಪ್ರಕರಣಗಳ ಮೇಲೇ ವಿವರಿಸುತ್ತೇನೆ. ಬಾಲದ ಕಂಟ್ರೋಲ್ ಅಂದಿರಲ್ಲ, ಒಂದನ್ನು ಬಾಲದಿಂದಲೇ ಶುರು ಮಾಡೋಣ.

2022ರ ಸೆಪ್ಟೆಂಬರ್ 4. ಅಮೆರಿಕದ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್‌ನಿಂದ ರೆಂಟನ್‌ಗೆ ಹೊರಟಿದ್ದ ಡಿಎಚ್‌ಸಿ-3 ಆಟರ್ ಅನ್ನೋ ವಿಮಾನ ದಾರಿಯಲ್ಲಿ ಮ್ಯೂಟಿನಿ ಬೇ ಎಂಬ ಕೊಲ್ಲಿಗೆ ಬಿತ್ತು. ನೀರಿನ ಮೇಲೆ ಇಳಿಯುವ, ಒಂದೇ ಎಂಜಿನ್‌ನ ವಿಮಾನ ಅದು. ಪೈಲಟ್ ಸೇರಿ ಹತ್ತು ಜನ ಸತ್ತರು. ಸಮುದ್ರದ ತಳದಿಂದ ಅವಶೇಷ ಎತ್ತಿ ನೋಡಿದಾಗ ತನಿಖೆಯವರ ಕಣ್ಣು ಬಿದ್ದದ್ದು ಬಾಲದ ಒಂದು ಸಣ್ಣ ಜೋಡಣೆಯ ಮೇಲೆ. ಬಾಲದ ಅಡ್ಡ ರೆಕ್ಕೆಯನ್ನು ಮೇಲೆ ಕೆಳಗೆ ವಾಲಿಸಲು ಅದರಲ್ಲಿ ಒಂದು ಆಕ್ಚುವೇಟರ್ ಇರುತ್ತದೆ. ಅದರ ಕೊಳವೆಗೆ ಒಂದು ಕ್ಲ್ಯಾಂಪ್ ನಟ್ ತಿರುಪಿನ ಮೇಲೆ ಕೂತಿರುತ್ತದೆ. ಆ ನಟ್ ತಾನಾಗಿ ತಿರುಗಿ ಬಿಚ್ಚಿಕೊಳ್ಳದ ಹಾಗೆ ಹಿಡಿಯಲು ತಂತಿಯ ಒಂದು ಲಾಕ್ ರಿಂಗ್. ಇಷ್ಟೇ ಸಾಮಾನು.

ನಟ್ ಮತ್ತು ಕೊಳವೆ ಎರಡೂ ಸಿಕ್ಕವು, ಆದರೆ ಬೇರೆ ಬೇರೆಯಾಗಿ. ಎರಡರ ಮರೆಯೂ, ಅಂದರೆ ತಿರುಪಿನ ಸುತ್ತುಗೆರೆಗಳೂ (ಥ್ರೆಡ್), ಹಾಳಾಗಿರಲಿಲ್ಲ. ಮೆಕ್ಯಾನಿಕ್‌ಗಳಿಗೆ ಇದು ಕೇಳಿದ ತಕ್ಷಣ ಅರ್ಥವಾಗುತ್ತದೆ. ಅಪ್ಪಳಿಸಿದ ರಭಸಕ್ಕೆ ಕಿತ್ತು ಬಂದಿದ್ದರೆ ಮರೆ ಉಜ್ಜಿ ಹೋಗಿರಬೇಕಿತ್ತು. ಮರೆ ನೆಟ್ಟಗಿದೆ ಅಂದರೆ ನಟ್ ಸುತ್ತು ಸುತ್ತಾಗಿ ತಿರುಗಿಯೇ ಕಳಚಿಕೊಂಡಿದೆ. ಲಾಕ್ ರಿಂಗ್ ಮಾತ್ರ ಸಿಗಲೇ ಇಲ್ಲ. ರಿಂಗ್ ಇಲ್ಲದೆ ನಟ್ ಹಾರಾಟದಲ್ಲೇ ಬಿಚ್ಚಿಕೊಂಡಿತು, ಬಾಲದ ರೆಕ್ಕೆಗೆ ಹಿಡಿತ ತಪ್ಪಿತು, ಮೂಗು ಮೇಲೆತ್ತುವ ದಾರಿಯೇ ಪೈಲಟ್‌ಗೆ ಉಳಿಯಲಿಲ್ಲ ಎಂದು ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ತೀರ್ಮಾನಿಸಿತು. ಆದರೆ ಅಂತಿಮ ವರದಿಗೆ ಯಾರೂ ಕಾಯಲಿಲ್ಲ. ಆ ನವೆಂಬರ್ ಆರಂಭದಲ್ಲೇ ಎಫ್‌ಎಎ ಎಡಿ ಹೊರಡಿಸಿತು. 10 ಗಂಟೆಯ ಹಾರಾಟದೊಳಗೆ ಎಲ್ಲ ಆಟರ್‌ಗಳಲ್ಲೂ ಆ ರಿಂಗ್ ಇದೆಯಾ, ಸರಿಯಾಗಿ ಕೂತಿದೆಯಾ ಅಂತ ನೋಡಿ ಬರೆದಿಡಬೇಕು ಅಂತ.

ನೀವು ಕೇಳಿದ "ಇಷ್ಟು ದಿನ ಅಪಾಯದಲ್ಲೇ ಹಾರಿಸಿದರಾ" ಅನ್ನೋದಕ್ಕೆ ಇಲ್ಲೇ ಉತ್ತರ ಇದೆ. ಆಟರ್ ಓಡಿಸುತ್ತಿದ್ದ ಬೇರೆಯವರ ವಿಮಾನಗಳಲ್ಲಿ ಏನೂ ಕೆಟ್ಟಿರಬೇಕೆಂದಿಲ್ಲ. ಆದರೂ ಎಲ್ಲರೂ ಬಿಚ್ಚಿ ನೋಡಬೇಕಾಯಿತು. ಎಡಿ ಬಂದ ಮಾತ್ರಕ್ಕೆ ನಿಮ್ಮ ಮಗ ಕೂತ ವಿಮಾನದಲ್ಲಿ ದೋಷ ಇತ್ತು ಅಂತ ಅರ್ಥ ಅಲ್ಲ. ಎಲ್ಲೋ ಒಂದು ಕಡೆ ದೋಷ ಸಿಕ್ಕಿದೆ, ನಿಮ್ಮದರಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ ಅಂತ ಅರ್ಥ.

ಹಾಗಂತ ಎಡಿಗಳು ಯಾವಾಗಲೂ ಹೀಗೆ ಎರಡು ತಿಂಗಳಲ್ಲೇ ಬರುತ್ತವೆ ಅಂತ ಅಂದುಕೊಳ್ಳಬೇಡಿ. ತರಬೇತಿ ಶಾಲೆಗಳಲ್ಲಿ ಇವತ್ತಿಗೂ ಓಡುವ ಸೆಸ್ನಾ 152ರ ಕಥೆ ಕೇಳಿ. ಇದನ್ನು ತಯಾರಿಸುವುದನ್ನು 1985ರಲ್ಲೇ ನಿಲ್ಲಿಸಿದರು. ಅಂದರೆ ಇವತ್ತು ಹಾರುತ್ತಿರುವ ಒಂದೊಂದು 152ಕ್ಕೂ ನಲವತ್ತರ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ವಯಸ್ಸು. ಮಗ ಹೇಳಿದ "ನನಗಿಂತ ಹಳೆಯದು" ಅನ್ನೋದು ಆ ಊರಿನ ತರಬೇತಿಯಲ್ಲಿ ಮಾಮೂಲು, ಅದೊಂದಕ್ಕೆ ಗಾಬರಿ ಬೇಡ. 152ರ ರಡ್ಡರ್, ಅಂದರೆ ಬಾಲದ ನೆಟ್ಟನೆಯ ಪಟ್ಟಿ, ಎರಡೂ ಪಕ್ಕ ಒಂದು ಮಿತಿಯವರೆಗೆ ಮಾತ್ರ ತಿರುಗಬೇಕು. ಆ ಮಿತಿಯಲ್ಲಿ ತಡೆಯಲು ಒಂದು ಸ್ಟಾಪ್ ಇರುತ್ತದೆ. ಸ್ಪಿನ್, ಅಂದರೆ ವಿಮಾನ ಸುತ್ತುತ್ತಾ ಬೀಳುವುದರ ಅಭ್ಯಾಸದಲ್ಲಿ ಪೆಡಲನ್ನು ಪೂರ್ತಿ ಒತ್ತಿದಾಗ ರಡ್ಡರಿನ ಬಂಪರ್ ಆ ಸ್ಟಾಪನ್ನು ದಾಟಿ ಆಚೆ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇತ್ತು. ಹಾಗಾದರೆ ರಡ್ಡರ್ ಹಿಂದಕ್ಕೆ ಬರಲ್ಲ, ಸುತ್ತುತ್ತಾ ಬೀಳುತ್ತಿರುವ ವಿಮಾನವನ್ನು ನಿಲ್ಲಿಸಲು ಆಗಲ್ಲ. 1998ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹೀಗೆ ಒಂದು ಅಪಘಾತ ಆಯಿತು. 2001ರಲ್ಲಿ ಸೆಸ್ನಾ ಕಂಪನಿ ಹೊಸ ಸ್ಟಾಪ್ ಕಿಟ್ ತಂದು ಸರ್ವಿಸ್ ಬುಲೆಟಿನ್ ಹೊರಡಿಸಿತು. 2005ರಲ್ಲಿ ಅಮೆರಿಕದ ಓಹಾಯೋದಲ್ಲಿ ಅಂಥದ್ದೇ ಇನ್ನೊಂದು ಅಪಘಾತ. ಕಡ್ಡಾಯ ಆದೇಶ ಬಂದದ್ದು 2009ರಲ್ಲಿ.

ಈ ಎಂಟು ವರ್ಷದ ಅಂತರ ಯಾಕೆ ಅಂತ ಕೇಳಿದರೆ ಬುಲೆಟಿನ್‌ಗೂ ಎಡಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಸರ್ವಿಸ್ ಬುಲೆಟಿನ್ ಬರೆಯುವುದು ತಯಾರಕರು. ಮೇಲೆ ದಪ್ಪ ಅಕ್ಷರದಲ್ಲಿ 'ಕಡ್ಡಾಯ' ಅಂತ ಇದ್ದರೂ ಅಮೆರಿಕದಲ್ಲಿ ಸಣ್ಣ ಖಾಸಗಿ ವಿಮಾನದ ಮಾಲೀಕನ ಮೇಲೆ ಅದಕ್ಕೆ ಸಾಮಾನ್ಯವಾಗಿ ಕಾನೂನಿನ ಬಲ ಇಲ್ಲ. ಎಫ್‌ಎಎ ಅದನ್ನು ಎಡಿ ಮಾಡಿದ ಮೇಲೆಯೇ ಬಲ. ಹಾಗಾಗಿ ಒಳ್ಳೆ ಶಾಲೆ ಯಾವುದು ಅಂತ ತಿಳಿಯಲು ಎಡಿ ಮಾಡಿಸಿದ್ದೀರಾ ಅಂತ ಕೇಳಿದರೆ ಸಾಲದು. ಅದನ್ನು ಮಾಡಿಸದೆ ಅವರಿಗೆ ಗತಿ ಇಲ್ಲ. ಕಂಟ್ರೋಲ್‌ಗೆ ಸಂಬಂಧಿಸಿದ ಬುಲೆಟಿನ್‌ಗಳನ್ನೂ ಮಾಡಿಸುತ್ತೀರಾ ಅಂತ ಕೇಳಬೇಕು. ದುಡ್ಡು ಉಳಿಸುವ ಆಸೆ ಎಲ್ಲಿದೆ ಅನ್ನೋದು ಅಲ್ಲಿ ಕಾಣುತ್ತದೆ.

ಅಂದ ಹಾಗೆ 152ರ ಆ ಎಡಿಯಲ್ಲಿ ಇನ್ನೊಂದು ದಾರಿಯೂ ಇತ್ತು. ಕಿಟ್ ಹಾಕಿಸದಿದ್ದರೆ ಪೈಲಟ್‌ಗೆ ಕಾಣುವ ಹಾಗೆ 'ಸ್ಪಿನ್ ಮತ್ತು ಏರೋಬ್ಯಾಟಿಕ್ಸ್ (ಕಸರತ್ತಿನ ಹಾರಾಟ) ನಿಷಿದ್ಧ' ಎಂಬ ಫಲಕ ಅಂಟಿಸಬಹುದು. ಕಾನೂನಿನ ಪ್ರಕಾರ ಎರಡೂ ಸರಿ. ನನ್ನ ಮಗ ಕಲಿಯುತ್ತಿದ್ದರೆ ಕಿಟ್ ಇರುವ ವಿಮಾನವನ್ನೇ ಆರಿಸಿಕೊಳ್ಳುತ್ತಿದ್ದೆ.

ಸರಿ, ಹ್ಯಾಂಗರಿನಲ್ಲಿ ನಿಲ್ಲಿಸಿ ಏನು ನೋಡುತ್ತಾರೆ? ಇಂಥ ಸಣ್ಣ ತರಬೇತಿ ವಿಮಾನಗಳ ಕಂಟ್ರೋಲ್‌ನಲ್ಲಿ ಕಂಪ್ಯೂಟರ್, ಹೈಡ್ರಾಲಿಕ್ಸ್ ಏನೂ ಇಲ್ಲ. ಪೈಲಟ್ ಹಿಡಿಯುವ ಹಿಡಿಯಿಂದ, ಒತ್ತುವ ಪೆಡಲಿನಿಂದ ಉಕ್ಕಿನ ಕೇಬಲ್‌ಗಳು ನೆಲದಡಿಯಲ್ಲಿ ಹಾದು, ಪುಲಿಗಳ ಮೇಲೆ ತಿರುಗಿ ರೆಕ್ಕೆಗೂ ಬಾಲಕ್ಕೂ ಹೋಗುತ್ತವೆ. ಸೈಕಲ್ಲಿನ ಬ್ರೇಕ್ ಕೇಬಲ್ ಎಲ್ಲಿ ಎಳೆ ಬಿಡುತ್ತೆ ಹೇಳಿ? ಮಧ್ಯದಲ್ಲಿ ಅಲ್ಲ, ಹಿಡಿಯ ಹತ್ತಿರ ಬಾಗುವ ಕಡೆ. ಇಲ್ಲೂ ಹಾಗೇ, ಪುಲಿ ಮೇಲೆ ಬಾಗುವ ಕಡೆ, ತೂತಿನಲ್ಲಿ ಉಜ್ಜುವ ಕಡೆ. ಕಂಟ್ರೋಲ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಏಳು ಹುರಿಗಳು, ಒಂದೊಂದು ಹುರಿಯಲ್ಲಿ 19 ತಂತಿ. ಒಂದೆರಡು ತಂತಿ ಕಡಿದರೆ ಕಣ್ಣಿಗೆ ಕಾಣಲ್ಲ. ಅದಕ್ಕೆ ಮೆಕ್ಯಾನಿಕ್ ಬಟ್ಟೆ ಹಿಡಿದು ಕೇಬಲ್ ಉದ್ದಕ್ಕೂ ಸವರಿಕೊಂಡು ಹೋಗುತ್ತಾನೆ. ಕಡಿದ ತಂತಿ ಬಟ್ಟೆಯ ಎಳೆಗೆ ಸಿಕ್ಕಿ ಜಗ್ಗುತ್ತದೆ. ಬರಿಗೈಯಲ್ಲಿ ಮಾಡಿದರೆ ಬೆರಳಿಗೆ ಚುಚ್ಚಿ ರಕ್ತ ಬರುತ್ತದೆ, ಹೊಸಬರು ಒಂದು ಸಲ ಮಾಡಿ ಕಲಿಯುತ್ತಾರೆ. ಬಟ್ಟೆಗೆ ಏನೂ ಸಿಗಲಿಲ್ಲ ಅಂತ ಅಲ್ಲಿಗೇ ಬಿಡುವುದಿಲ್ಲ. ಒಳಗಿನ ತಂತಿ ಕಡಿದಿರಬಹುದು. ಅನುಮಾನ ಬಂದ ಕಡೆ ಕೇಬಲ್ ಸಡಿಲ ಮಾಡಿ, ಕೈಯಲ್ಲಿ ಮೆಲ್ಲಗೆ ಬಾಗಿಸಿ ನೋಡುತ್ತಾರೆ. ಆಗ ಮುರಿದ ತುದಿಗಳು ಹೊರಗೆ ಇಣುಕುತ್ತವೆ.

ಆಮೇಲೆ ಪುಲಿಗಳು ತಿರುಗುತ್ತಿವೆಯಾ, ಸಿಕ್ಕಿಕೊಂಡಿವೆಯಾ? ಕೇಬಲ್ ಬಿಗಿ ಮಾಡುವ ಟರ್ನ್‌ಬಕಲ್‌ನಲ್ಲಿ ಮೂರಕ್ಕಿಂತ ಜಾಸ್ತಿ ಮರೆ ಹೊರಗೆ ಕಾಣುತ್ತಿದೆಯಾ? ಅದಕ್ಕೆ ಸೇಫ್ಟಿ ವೈರ್ ಹಾಕಿದೆಯಾ? ಬೋಲ್ಟಿನ ನಟ್‌ಗೆ ಸ್ಪ್ಲಿಟ್ ಪಿನ್ ಇದೆಯಾ? ಬಿಗಿ ಎಷ್ಟಿದೆ ಅಂತ ಟೆನ್ಶಿಯೋಮೀಟರ್ ಹಾಕಿ ಅಳೆಯುತ್ತಾರೆ, ಅದೂ ಆ ಹೊತ್ತಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡು. ವಿಮಾನದ ಮೈ ಅಲ್ಯುಮಿನಿಯಂ, ಕೇಬಲ್ ಉಕ್ಕು. ಸೆಕೆಗೆ ಮೈ ಹೆಚ್ಚು ಹಿಗ್ಗುತ್ತದೆ, ಕೇಬಲ್ ಬಿಗಿಯಾಗುತ್ತದೆ.

ಫ್ಲೋರಿಡಾ ಅಂದಿರಿ, ಅದಕ್ಕೆ ಒಂದು ವಿಷಯ ಬಿಡಿಸಿ ಹೇಳಬೇಕು. ಸಮುದ್ರದ ಉಪ್ಪುಗಾಳಿ ಕೇಬಲ್ ತುದಿಯ ಲೋಹದ ಜೋಡಣೆಗಳಿಗೆ ಕೆಟ್ಟದ್ದು. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕು ಹಿಡಿಯಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್, ಸದಾ ಎಳೆತದಲ್ಲಿದ್ದು ಉಪ್ಪೂ ಸೋಕಿದರೆ, ಹೊರಗೆ ಹೊಳೆಯುತ್ತಲೇ ಒಳಗೆ ಬಿರುಕು ಬಿಡುತ್ತದೆ. ಇದೇ ಕಾರಣಕ್ಕೆ 2015ರಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಪ್ರಾಧಿಕಾರ ಅಂಥ ತುದಿಗಳಿರುವ ಕಂಟ್ರೋಲ್ ಕೇಬಲ್‌ಗಳಿಗೆ 15 ವರ್ಷದ ಆಯಸ್ಸು ನಿಗದಿ ಮಾಡಿ ಆದೇಶ ಹೊರಡಿಸಿತು. ಅಮೆರಿಕದಲ್ಲೂ 2013ರಲ್ಲಿ ಪೈಪರ್ ಪಿಎ-28 ವಿಮಾನಗಳ ಬಾಲದ ಕೇಬಲ್ ಜೋಡಣೆ ತಪಾಸಣೆಗೆ ಎಡಿ ಬಂತು. ಈ ಪೈಪರ್‌ಗಳಲ್ಲಿ ಬಾಲದ ಅಡ್ಡ ರೆಕ್ಕೆ ಇಡಿಯಾಗಿ ಒಂದೇ ತುಂಡಾಗಿ ಆಡುತ್ತದೆ, ಸ್ಟೆಬಿಲೇಟರ್ ಅಂತಾರೆ. ಇಂಥ ಬಿರುಕು ಸಿಗುವುದು ಟಾರ್ಚ್, ಕನ್ನಡಿ, ಭೂತಗನ್ನಡಿ ಹಿಡಿದು ಬಾಲದ ಡೊಗರಿನೊಳಗೆ ತೆವಳಿದವನಿಗೆ ಮಾತ್ರ. ಮೇಲೆ ಸುತ್ತಿದ ಸೇಫ್ಟಿ ವೈರ್ ಬಿಚ್ಚದೆ ನೋಡಿದವನಿಗೆ ಅದೂ ಸಿಗಲಿಕ್ಕಿಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ತಪಾಸಣೆ ಒಳ್ಳೆಯದೇ. ಆದರೆ ತಪಾಸಣೆ ಅಂದರೆ ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಕೂಡಿಸುವುದು. ಕಂಟ್ರೋಲ್ ಭಾಗಗಳಿಗೆ ಕೈ ಹಾಕಿದ ಮೇಲಿನ ಮೊದಲ ಹಾರಾಟ ಇದೆಯಲ್ಲ, ನನ್ನ ಪ್ರಕಾರ ಅದಕ್ಕಿಂತ ಸೂಕ್ಷ್ಮವಾದ ಹಾರಾಟ ಇನ್ನೊಂದಿಲ್ಲ.

2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ 19 ಸೀಟಿನ ಬೀಚ್ 1900ಡಿ ವಿಮಾನ ಟೇಕಾಫ್ ಆದ ಕೂಡಲೇ ಮೂಗು ಮೇಲೆತ್ತಿಕೊಂಡು ಹೋಗಿ ಬಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಎರಡು ರಾತ್ರಿ ಹಿಂದೆ ಅದರ ಎಲಿವೇಟರ್, ಅಂದರೆ ಮೂಗನ್ನು ಏರಿಸಿ ಇಳಿಸುವ ಬಾಲದ ಅಡ್ಡ ಪಟ್ಟಿಯ ಕೇಬಲ್ ಬಿಗಿ ಸರಿಮಾಡಿದ್ದರು. ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಈ ಮಾದರಿಯಲ್ಲಿ ಆ ಕೆಲಸ ಮೊದಲ ಸಲ. ಪುಸ್ತಕದಲ್ಲಿದ್ದ ಕೆಲವು ಹಂತಗಳನ್ನು ಹಾರಿಸಿಬಿಟ್ಟಿದ್ದರು. ಅವನಿಗೆ ಕಲಿಸುತ್ತಿದ್ದವರೇ ಇನ್‌ಸ್ಪೆಕ್ಟರ್ ಆಗಿ ಸಹಿಯನ್ನೂ ಹಾಕಿದ್ದರು. ಪರಿಣಾಮವಾಗಿ ಎಲಿವೇಟರ್ ಕೆಳಕ್ಕೆ ಆಡಬೇಕಾದಷ್ಟು ಆಡುತ್ತಿರಲಿಲ್ಲ, ಅಂದರೆ ಮೂಗನ್ನು ತಗ್ಗಿಸುವ ಶಕ್ತಿ ಕಮ್ಮಿಯಾಗಿತ್ತು. ಗಮನಿಸಿ, ಆ ಕೆಲಸದ ನಂತರವೂ ವಿಮಾನ ಹಲವು ಸಲ ಹಾರಿ ಸುರಕ್ಷಿತವಾಗಿ ಇಳಿದಿತ್ತು. ಅವತ್ತು ಭಾರ ಜಾಸ್ತಿ ಇತ್ತು, ಅದೂ ಹಿಂಭಾಗಕ್ಕೆ ವಾಲಿತ್ತು. ಉಳಿದಿದ್ದ ಶಕ್ತಿ ಸಾಲಲಿಲ್ಲ. "ನಿನ್ನೆ ಹಾರಿತಲ್ಲ, ಏನೂ ಆಗಲಿಲ್ಲ" ಅನ್ನೋ ಸಮಾಧಾನ ಕಂಟ್ರೋಲ್ ವಿಷಯದಲ್ಲಿ ನಡೆಯಲ್ಲ.

ಇದಕ್ಕೇ ಡುಪ್ಲಿಕೇಟ್ ಇನ್‌ಸ್ಪೆಕ್ಷನ್ ಅನ್ನೋ ಪದ್ಧತಿ ಇರುವುದು. ಕಂಟ್ರೋಲ್‌ಗೆ ಒಬ್ಬರು ಕೈ ಹಾಕಿದರೆ, ಆ ಕೆಲಸದಲ್ಲಿ ಇಲ್ಲದ ಇನ್ನೊಬ್ಬರು ಬಂದು ಮೊದಲಿನಿಂದ ನೋಡಿ ಸಹಿ ಹಾಕಬೇಕು. ಬ್ರಿಟನ್, ಯುರೋಪ್ ಕಡೆ ಇದು ನಿಯಮ. ನಮ್ಮಲ್ಲೂ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್‌ಗಳು ಇದನ್ನು ಕಲಿತೇ ಬರುತ್ತಾರೆ. ಅಮೆರಿಕದಲ್ಲಿ ದೊಡ್ಡ ಏರ್‌ಲೈನ್‌ಗಳಿಗೆ ಇಂಥ ಕಡ್ಡಾಯ ಇದೆ, ಸಣ್ಣ ತರಬೇತಿ ವಿಮಾನಕ್ಕೆ ಕಾನೂನು ಹಾಗೆ ಕೇಳುವುದಿಲ್ಲ. ಅಲ್ಲಿನ ಪದ್ಧತಿಯಲ್ಲಿ ನನಗೆ ಸರಿಬರದ ವಿಷಯ ಇದೊಂದು. ಆದರೂ ತಾವಾಗಿ ಎರಡನೇ ವ್ಯಕ್ತಿಯಿಂದ ನೋಡಿಸುವ ಶಾಲೆಗಳಿವೆ. ನಿಮ್ಮ ಮಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: "ಬಾಲದ ಕೆಲಸ ಮುಗಿದ ಮೇಲೆ ಎರಡನೆಯವರು ಯಾರು ನೋಡಿದರು?"

ಇನ್ನು ಅವನ ಕೈಯಲ್ಲೇ ಇರುವ ಕೆಲಸ. ಪ್ರತಿ ಹಾರಾಟಕ್ಕೂ ಮುಂಚೆ ಕಂಟ್ರೋಲ್ ಪೂರ್ತಿ ಆಡಿಸಿ ನೋಡು ಅಂತ ಚೆಕ್‌ಲಿಸ್ಟಿನಲ್ಲಿ ಇರುತ್ತದೆ. ಹುಡುಗರು ಸುಮ್ನೆ ಹಿಡಿಯನ್ನು ಒಂದು ಸುತ್ತು ತಿರುಗಿಸಿ "ಫ್ರೀ ಅಂಡ್ ಕರೆಕ್ಟ್" ಅಂದುಬಿಡುತ್ತಾರೆ. ಫ್ರೀ ಅಂತೂ ಕೈಗೆ ಗೊತ್ತಾಯಿತು, ಕರೆಕ್ಟ್ ಅಂತ ಹೇಗೆ ಗೊತ್ತಾಯಿತು? ಕತ್ತು ತಿರುಗಿಸಿ ರೆಕ್ಕೆ ನೋಡಬೇಕು. ಸುಲಭದ ಉಪಾಯ ಒಂದಿದೆ. ಹಿಡಿಯನ್ನು ಹಿಡಿದು ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ ತಿರುಗಿಸಲಿ. ಹೆಬ್ಬೆರಳು ಯಾವ ಕಡೆ ವಾಲುತ್ತದೋ ಆ ಕಡೆಯ ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಮೇಲೇಳಬೇಕು, ಇನ್ನೊಂದು ಕಡೆಯದು ಕೆಳಗಿಳಿಯಬೇಕು. ಉಲ್ಟಾ ಆದರೆ ಅಲ್ಲೇ ಎಂಜಿನ್ ಆಫ್. ಇದೆಲ್ಲ ಎಲ್ಲಿ ಆಗುತ್ತೆ ಅನ್ನಬೇಡಿ. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಲ್ಲಿ ದೊಡ್ಡ ರಿಪೇರಿ ಮುಗಿಸಿ ಹೊರಟ ಏರ್ ಅಸ್ತಾನಾ ಎಂಬ ಕಜಕಿಸ್ತಾನದ ಏರ್‌ಲೈನ್‌ನ ಎಂಬ್ರೇಯರ್ ಜೆಟ್‌ನ ಐಲೆರಾನ್ ಕೇಬಲ್‌ಗಳೇ ಅದಲುಬದಲಾಗಿದ್ದವು. ಆಕಾಶದಲ್ಲಿ ಒದ್ದಾಡಿ ಕೊನೆಗೆ ಹೇಗೋ ಇಳಿಸಿದರು. ಅಷ್ಟು ದೊಡ್ಡ ವಿಮಾನದಲ್ಲಿ ಆಗಿದ್ದು ಸಣ್ಣದರಲ್ಲಿ ಆಗಲ್ವಾ?

ಕಾಗದದ ವಿಷಯಕ್ಕೆ ಬಂದರೆ, ಬಾಡಿಗೆಗೆ ಪಾಠ ಹೇಳಿಕೊಡುವ ವಿಮಾನಕ್ಕೆ ಅಮೆರಿಕದಲ್ಲಿ ವರ್ಷಕ್ಕೊಂದು ತಪಾಸಣೆಯ ಜೊತೆ 100 ಗಂಟೆಗೊಮ್ಮೆಯ ತಪಾಸಣೆಯೂ ಇರಬೇಕು. "ಆನ್ಯುವಲ್ ಈಗಷ್ಟೇ ಆಗಿದೆ" ಅಂದರೆ ಎಡಿ ಚಿಂತೆ ಮುಗಿಯಿತು ಅಂತಲ್ಲ, ಮಾರನೇ ದಿನವೇ ಹೊಸ ಎಡಿ ಬರಬಹುದು. ಮೆಕ್ಯಾನಿಕ್ ಸಹಿ ಹಾಕಿದರೂ ವಿಮಾನ ಸರಿಯಾಗಿಡುವ ಮೊದಲ ಹೊಣೆ ಮಾಲೀಕನದು, ಅಂದರೆ ಶಾಲೆಯದು. ಯಾವ ಎಡಿ, ಯಾವತ್ತು, ಯಾವ ವಿಧಾನದಲ್ಲಿ ಮುಗಿಸಿದರು, ಮರುಕಳಿಸುವುದಾದರೆ ಮುಂದಿನದು ಯಾವಾಗ ಅಂತ ಬರೆದಿಡಲೇಬೇಕು. ನಿಮ್ಮ ಮಗನ ಪೈಲಟ್ ಪರೀಕ್ಷೆಯಲ್ಲಿ ಪರೀಕ್ಷಕರು ವಿಮಾನದ ಲಾಗ್‌ಬುಕ್ (ಮಾಡಿದ ಕೆಲಸಗಳ ದಾಖಲೆ ಪುಸ್ತಕ) ಮುಂದಿಟ್ಟು "ಎಡಿ ಎಲ್ಲಿ ತೋರಿಸು" ಅಂತ ಕೇಳಬಹುದು. ಹಾಗಾಗಿ ಅವನು ಆ ಪಟ್ಟಿ ಕೇಳಿದರೆ ಯಾರೂ ಅಧಿಕಪ್ರಸಂಗ ಅನ್ನುವುದಿಲ್ಲ, ಪಾಠದ ಭಾಗ ಅದು. ಎಫ್‌ಎಎ ವೆಬ್‌ಸೈಟಿನಲ್ಲಿ ವಿಮಾನದ ಮಾದರಿ ಹಾಕಿ ಎಲ್ಲ ಎಡಿಗಳನ್ನೂ ಬಿಟ್ಟಿಯಾಗಿ ನೋಡಬಹುದು.

ಪಟ್ಟಿ ನೋಡುವಾಗ ಸೆಸ್ನಾ ಆದರೆ ಸೀಟಿನ ಹಳಿಯ ಎಡಿಯನ್ನೂ ನೋಡಲಿ. ಸೀಟು ಕಂಟ್ರೋಲ್ ಭಾಗ ಅಲ್ಲ, ನಿಜ. ಆದರೆ ಹಳಿಯ ತೂತು ಸವೆದು ಟೇಕಾಫ್ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಕೈಗೆ ಸಿಕ್ಕ ಹಿಡಿಯನ್ನೇ ಎಳೆದುಕೊಂಡು ಹೋಗುತ್ತಾನೆ, ಮೂಗು ಎದ್ದುಬಿಡುತ್ತದೆ. 1987ರಿಂದಲೂ ಅದಕ್ಕೆ ಎಡಿ ಇದೆ, 2011ರಲ್ಲಿ ಹೊಸದಾಗಿ ಬರೆದರು.

ಮಗ ಮುಂದೆ ಭಾರತಕ್ಕೆ ಬಂದು ಹಾರಿಸಿದರೂ ಇದೇ ಕಥೆ. ವಿಮಾನ ವಿನ್ಯಾಸ ಮಾಡಿದ ದೇಶ ಹೊರಡಿಸಿದ ಎಡಿಯನ್ನು ವಿಮಾನ ನೋಂದಾಯಿಸಿದ ದೇಶ ಪಾಲಿಸುವ ಹಾಗೆ ಮಾಡಬೇಕು ಅನ್ನೋದು ಅಂತರರಾಷ್ಟ್ರೀಯ ಏರ್ಪಾಡು. ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಸೆಸ್ನಾ ನಿಂತಿದ್ದರೆ ಅಮೆರಿಕದ ಎಡಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮೂಲಕ ಅದಕ್ಕೂ ಅನ್ವಯಿಸುತ್ತದೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ವಿಮಾನದ ವಿಷಯದಲ್ಲಿ ಮಾತ್ರ ಆದೇಶ ನಮ್ಮಲ್ಲೇ ಹುಟ್ಟಬೇಕು.

ಸ್ಕೂಲ್ ಬದಲಿಸುವ ಮಾತು ಯಾವಾಗ? ಲಾಗ್‌ಬುಕ್ ತೋರಿಸಲು ಸತಾಯಿಸಿದರೆ. "ಸ್ವಲ್ಪ ಗಂಟೆ ಮೀರಿದರೆ ಏನೂ ಆಗಲ್ಲ, ಹಾರಿಸು" ಅಂದರೆ. ಕಂಟ್ರೋಲ್ ಬಿಗಿಯಾಗಿದೆ ಅಂತ ಮಗ ಹೇಳಿದಾಗ ಬರೆದುಕೊಳ್ಳದೆ ನಕ್ಕು ಸುಮ್ಮನಾದರೆ. ಇವುಗಳಲ್ಲಿ ಒಂದು ಕಂಡರೂ ಕಟ್ಟಿದ ಫೀಸಿನ ಮುಖ ನೋಡಬೇಡಿ. ವಿಮಾನ ನಿಂತಿದ್ದರಿಂದ ಕ್ಲಾಸ್ ತಪ್ಪಿ ಖರ್ಚು ಏರುತ್ತದೆ, ಸಾಲ ಮಾಡಿದವರಿಗೆ ಅದು ಸಣ್ಣ ಮಾತಲ್ಲ ಅಂತ ಗೊತ್ತು. ತಪ್ಪಿದ ದಿನಗಳಿಗೆ ಬೇರೆ ವಿಮಾನ ಕೊಡುತ್ತೀರಾ, ವೀಸಾ ಅವಧಿಯೊಳಗೆ ಕೋರ್ಸ್ ಮುಗಿಸುತ್ತೀರಾ ಅಂತ ಈಗಲೇ ಈಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.